ಸಿಪ್ಪೆಯಿಂದ ಕೆನೆ

ಮಕ್ಕಳೇ, ಬೆಂಗಳೂರಿನ ಗಂಗಾನಗರದಲ್ಲಿ ಕಬ್ಬಿನ ಹಾಲು ಕುಡಿಯಲು ನಿಂತಾಗ ಗಾಣದ ಹಿಂದೆ ಬೀಳುವ ಸಿಪ್ಪೆಯನ್ನು ನೋಡಿದ್ದೀರಲ್ಲ? ಅದರಿಂದ ಒಂದು ಎಳೆ ಸೀಳಿ ಎಳೆದು ನೋಡಿ. ಸುಲಭಕ್ಕೆ ಕಿತ್ತುಬರುವುದಿಲ್ಲ. ಅದರ ನಾರಿನಲ್ಲಿ ಹೆಚ್ಚಾಗಿರುವುದು ಸೆಲ್ಯುಲೋಸ್. ಅದು ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರ. ಆ ಸರದ ಗಂಟು ಬಿಚ್ಚುವ ಶಕ್ತಿ ನಮ್ಮ ಹೊಟ್ಟೆಗಿಲ್ಲ. ಅಚ್ಚರಿಯೆಂದರೆ, ಹಸುವಿಗೂ ಸ್ವಂತವಾಗಿ ಇಲ್ಲ!

ಬಿಚ್ಚಿಕೊಡುವುದು ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ. ಮೊದಲನೆಯದಾದ ರೂಮೆನ್ ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಒಳಗೆ ಕತ್ತಲು, ಸುಮಾರು 39 ಡಿಗ್ರಿ ಬಿಸಿ. ಅಲ್ಲಿನ ಒಂದೊಂದು ಹನಿಯಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು. ಅವು ನಾರನ್ನು ಹುಳಿಯಿಸಿ ಅಸಿಟಿಕ್ ಆಮ್ಲ ಮಾಡುತ್ತವೆ. ವಿನೆಗರ್‌ಗೆ ಹುಳಿ ಕೊಡುವುದೂ ಇದೇ ಆಮ್ಲ. ಕೆಚ್ಚಲು ಇದನ್ನು ಬಳಸಿ ಹಾಲಿನ ಕೊಬ್ಬು ತಯಾರಿಸುತ್ತದೆ. ನಿಮ್ಮ ಲೋಟದ ಕೆನೆಯಲ್ಲಿ ಒಣಹುಲ್ಲಿನ ಪಾಲೂ ಇದೆ.

ಬೆಂಗಳೂರಿನ ಸುತ್ತಮುತ್ತ ಹಸುಗಳ ಒಣಮೇವು ಎಂದರೆ ರಾಗಿ ಹುಲ್ಲು. ಮಳೆ ಕೈಕೊಟ್ಟ ವರ್ಷ ಅದು ಸಿಗುವುದೇ ಕಷ್ಟ. ಆಗ ಮಂಡ್ಯದ ಕಡೆಯ ಕಬ್ಬಿನ ಸಿಪ್ಪೆ, ಎಣ್ಣೆ ಗಿರಣಿಯ ಹತ್ತಿಬೀಜದ ಹೊಟ್ಟು, ದಾವಣಗೆರೆ ಸೀಮೆಯ ಮೆಕ್ಕೆಜೋಳದ ದಿಂಡು ನೆರವಿಗೆ ಬರುತ್ತವೆ. ದಕ್ಷಿಣ ಕನ್ನಡದ ಅಡಿಕೆ ಹಾಳೆಯನ್ನು ಮೇವಾಗಿಸುವ ಕೆಲಸವನ್ನು ಬೆಂಗಳೂರಿನ ಆಡುಗೋಡಿಯಲ್ಲಿರುವ ಪಶು ಪೋಷಣೆ ಸಂಸ್ಥೆಯ ವಿಜ್ಞಾನಿಗಳು ಮಾಡಿದ್ದಾರೆ. ನಿಮ್ಮ ಪಕ್ಕದ ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಹಸುವಿನ ಹೊಟ್ಟೆಯ ಪಾಠ ಅಲ್ಲೂ ನಡೆಯುತ್ತದೆ.

ಆದರೆ ಸಿಕ್ಕಿದ ಸಿಪ್ಪೆಯೆಲ್ಲ ಮೇವಲ್ಲ. ಭತ್ತದ ಹೊಟ್ಟಿನಲ್ಲಿ ಮರಳಿನ ಅಂಶವಾದ ಸಿಲಿಕಾ ಹೆಚ್ಚು. ಕಡಲೆಕಾಯಿ ಸಿಪ್ಪೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಜಾಸ್ತಿ, ಬ್ಯಾಕ್ಟೀರಿಯಾಗಳೂ ಅದಕ್ಕೆ ಸೋಲುತ್ತವೆ. ಕಬ್ಬಿನ ಸಿಪ್ಪೆಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಜೊತೆಗೆ ಹಿಂಡಿ ಬೇಕೇ ಬೇಕು.

ಇನ್ನೊಂದು ಗುಟ್ಟು ಕೇಳಿ. ಎಲ್ಲವನ್ನೂ ನುಣ್ಣಗೆ ಪುಡಿ ಮಾಡಿ ಕೊಟ್ಟರೆ ಹಸು ಸರಿಯಾಗಿ ಮೆಲುಕು ಹಾಕುವುದಿಲ್ಲ. ಉದ್ದನೆಯ ಒರಟು ನಾರು ರೂಮೆನ್ನಿನ ಗೋಡೆಗೆ ಚುಚ್ಚಿದರೇ ಮೆಲುಕು ಶುರು. ಮೆಲುಕು ಹಾಕಿದಷ್ಟೂ ಜೊಲ್ಲು ಸುರಿಯುತ್ತದೆ, ದಿನಕ್ಕೆ 100 ಲೀಟರಿನಷ್ಟು! ಆ ಜೊಲ್ಲಿನಲ್ಲಿ ಸೋಡಾದ ಅಂಶವಿದ್ದು, ಹೊಟ್ಟೆಯ ಹುಳಿ ಏರದಂತೆ ತಡೆಯುತ್ತದೆ. ಹುಳಿ ಏರಿದರೆ ನಾರು ಕರಗಿಸುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಹಾಲಿನ ಕೊಬ್ಬು ಇಳಿಯುತ್ತದೆ, ಹಸುವಿಗೂ ಕಾಯಿಲೆ. ಬರೀ ಹಿಂಡಿ, ಬೂಸಾ ತಿನ್ನಿಸಿದರೆ ಸಾಲದು ಎಂದು ಹಳ್ಳಿಯ ಅಜ್ಜಿಯರು ಹೇಳುವುದು ಸರಿಯೇ.

ಬೂಷ್ಟು ಹಿಡಿದ ಕಡಲೆಕಾಯಿಯನ್ನಾಗಲಿ ಸಿಪ್ಪೆಯನ್ನಾಗಲಿ ಬೀದಿಯ ಹಸುವಿಗೆ ಹಾಕಬೇಡಿ, ಮಕ್ಕಳೇ. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹಾಲಿಗೂ ಇಳಿಯುತ್ತದೆ. ಕಬ್ಬಿನ ಸಿಪ್ಪೆಯ ರಾಶಿಗೆ ಪ್ಲಾಸ್ಟಿಕ್ ಲೋಟ ಎಸೆಯುವವರನ್ನು ಕಂಡರೆ ಬೇಡವೆಂದು ಹೇಳಿ. ಪ್ಲಾಸ್ಟಿಕ್ಕನ್ನು ಕರಗಿಸುವುದು ಹಸುವಿನ ಹೊಟ್ಟೆಗೂ ಆಗದು.