ರಜೆ ಅರ್ಜಿಯಲ್ಲಿ ಇಲ್ಲದ ಕಾಯಿಲೆ

ಬೆನ್ನುನೋವು ಬಂದ ಶಿಕ್ಷಕರು ರಜೆ ಅರ್ಜಿಯಲ್ಲಿ ಬೆನ್ನುನೋವೆಂದೇ ಬರೆಯುತ್ತಾರೆ. ರಾತ್ರಿಯೆಲ್ಲ ನಿದ್ದೆ ಬಾರದೆ, ಬೆಳಿಗ್ಗೆ ಶಾಲೆಯ ಗೇಟು ಕಂಡರೆ ಎದೆ ಹೊಡೆದುಕೊಳ್ಳುವವರು ಮಾತ್ರ ‘ಜ್ವರ’ ಅಂತ ಬರೆದುಬಿಡುತ್ತಾರೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ತೊಂದರೆ ಇದ್ದವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದು ಎಲ್ಲ ಕಸುಬಿನವರ ಲೆಕ್ಕ. ಊರಿಗೆ ಮಾದರಿಯಾಗಿರಬೇಕಾದ ಮೇಷ್ಟರಿಗೆ, ಟೀಚರಿಗೆ ‘ನನ್ನ ಕೈಲಾಗುತ್ತಿಲ್ಲ’ ಎನ್ನುವುದು ಇನ್ನೂ ಕಷ್ಟವೇ. ಇಂಥವರಿಗೆ ನೆರವಾಗಬಲ್ಲ ಆಪ್ತಸಮಾಲೋಚಕರು ಉಪದೇಶ ಮಾಡುವುದಿಲ್ಲ, ಆ ವಿದ್ಯೆ ಶಿಕ್ಷಕರಿಗೇ ಚೆನ್ನಾಗಿ ಗೊತ್ತು. ಸಿಟ್ಟು ನೆತ್ತಿಗೇರುವುದು ಯಾವ ಪಿರಿಯಡ್ಡಿನಲ್ಲಿ, ಹಿಂದಿನ ರಾತ್ರಿ ಎಷ್ಟು ನಿದ್ದೆಯಾಗಿತ್ತು, ಮನೆಗೆ ಹೋದ ಮೇಲೂ ತಲೆಯಲ್ಲಿ ಸುತ್ತುವ ಮಾತು ಯಾವುದು ಎಂದು ಬಿಡಿಸಿ ಬಿಡಿಸಿ ಕೇಳುತ್ತಾರೆ. ‘ನಾನೇ ಸರಿಯಿಲ್ಲ’ ಎಂಬ ಗಂಟು ಆಗ ಸಡಿಲವಾಗುತ್ತದೆ. ಔಷಧಿ ಬೇಕಾದವರನ್ನು ಗುರುತಿಸಿ ಮನೋವೈದ್ಯರ ಬಳಿ ಕಳಿಸುವುದೂ ಅವರದೇ ಹೊಣೆ.

ನಲಿಕಲಿ ಕೊಠಡಿಯಲ್ಲಿ ಮೂರು ತರಗತಿಯ ಮಕ್ಕಳು, ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಮತದಾರರ ಪಟ್ಟಿ: ಈ ಹೊರೆ ಇಳಿಸದೆ ಬರೀ ಮಾತಾಡಿಸಿ ಏನು ಬಂತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಬೋಧನೆಗೆ ಸಂಬಂಧಿಸದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮೇ ಹೇಳುತ್ತದೆ. ಅದನ್ನು ಪಾಲಿಸಬೇಕಾದದ್ದು ಸರ್ಕಾರ. ಆದರೆ ಅಲ್ಲಿಯ ತನಕ ಕುಸಿದವರು ಕಾಯಲಿ ಎನ್ನಲಾಗದು. ಇಂಥವರ ಕೈಗೆ ಮಕ್ಕಳನ್ನು ಒಪ್ಪಿಸುವುದೇ ಎಂಬ ಪೋಷಕರ ಅಳುಕನ್ನೂ ತಳ್ಳಿಹಾಕಬೇಕಿಲ್ಲ. ಆದರೆ ಆ ಅಳುಕಿಗೆ ಹೆದರಿಯೇ ಶಿಕ್ಷಕರು ಕಾಯಿಲೆ ಮುಚ್ಚಿಡುವುದು, ಮುಚ್ಚಿಟ್ಟದ್ದು ಉಲ್ಬಣಿಸುವುದು. ಚಿಕಿತ್ಸೆ ಪಡೆಯುತ್ತಾ ವರ್ಷಾನುಗಟ್ಟಲೆ ಚೆನ್ನಾಗಿ ಕೆಲಸ ಮಾಡುವವರು ಎಲ್ಲ ಕಸುಬಿನಲ್ಲೂ ಇದ್ದಾರೆ.

ಹಾಗಾಗಿ ಎಲ್ಲವೂ ನಿಂತಿರುವುದು ಗೋಪ್ಯತೆಯ ಮೇಲೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಹಕ್ಕೆಂದೇ ಕರೆದಿದೆ. ಸಮಾಲೋಚಕರ ವರದಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಕಡತ ಸೇರುತ್ತದೆಂಬ ಗುಮಾನಿ ಹುಟ್ಟಿದರೆ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಸಮಾಲೋಚನೆಯ ವ್ಯವಸ್ಥೆ ಶಿಕ್ಷಣ ಇಲಾಖೆಯ ಹೊರಗಿರಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಹಾಗೆಯೇ ಇದೆ: 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮುಖಾಮುಖಿ ಕೂರಬೇಕಾದವರಿಗೆ ಮಾತ್ರ ತೊಡಕಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ಮನೋಚೈತನ್ಯ ಕ್ಲಿನಿಕ್ಕಿಗೆ ಗೊತ್ತುಮಾಡಿದ್ದು ಮಂಗಳವಾರ, ಅಂದು ಶಾಲೆ ಇರುತ್ತದೆ. ಹೋಗಬೇಕೆಂದರೆ ರಜೆ, ರಜೆಗೆ ಮತ್ತೆ ಕಾರಣ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಮಧ್ಯಾಹ್ನ ಎರಡು ಗಂಟೆ ಹೊತ್ತು ಸಮಾಲೋಚಕರೊಬ್ಬರು ಅಲ್ಲಿ ಸಿಗುವಂತಾದರೆ ಯಾರ ಅನುಮತಿಯೂ ಬೇಕಾಗುವುದಿಲ್ಲ.