ಮಗು ಯಾರ ಸಂಗಡ ಇದೆ?

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನೆರೆದ ತಂದೆತಾಯಿಗಳ ಕೂಟದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಇಲ್ಲಿ ದೇವರಿಗೊಂದು ಮನೆ ಕಟ್ಟಲು ಮನಸ್ಸು ಮಾಡಿದ ಕಾಲದಲ್ಲಿ, ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ವಂಶಸ್ಥರ ಜಹಗೀರಾಗಿತ್ತು. ನೆರೆಯ ಕೊಳ್ಳೇಗಾಲವಾದರೋ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಈ ಎರಡೂ ಸೀಮೆಗಳು ಒಂದೇ ರಾಜ್ಯದೊಳಗೆ ಬಂದವು. ಅದಕ್ಕೆ ಮೊದಲು ಗಡಿಯಾಚೆಯಿಂದ ಬಂದ ಅಪರಿಚಿತನೊಬ್ಬನು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಮಾತನಾಡಿಸಿದರೆ, ಜಗಲಿಯ ಮೇಲೆ ಕುಳಿತ ಅಜ್ಜನು “ಯಾವೂರಪ್ಪಾ? ಯಾರ ಪೈಕಿ?” ಎಂದು ಕೇಳದೆ ಬಿಡುತ್ತಿರಲಿಲ್ಲ. ಕಾನೂನು ತಿಳಿಯದ, ಓದು ಬರೆಹ ಬಾರದ ಆ ಅಜ್ಜನ ಎರಡು ಪ್ರಶ್ನೆಗಳೇ ಊರಿನ ಮಕ್ಕಳಿಗೆಲ್ಲ ಬೇಲಿಯಾಗಿದ್ದವು.

ಇಂದು ಅದೇ ಅಪರಿಚಿತನು ಜಗಲಿಯನ್ನು ದಾಟಿ ಬರಬೇಕಾಗಿಲ್ಲ. ಮಗು ಹಾಸಿಗೆಯಲ್ಲಿ ಹೊದ್ದು ಮಲಗಿರುವಾಗಲೇ, ಅಂಗೈಯಲ್ಲಿರುವ ಫೋನಿನ ಮೂಲಕ ಅವನು ಅದರ ಪಕ್ಕಕ್ಕೆ ಬಂದು ಕುಳಿತುಕೊಳ್ಳುತ್ತಾನೆ. “ಯಾವೂರು, ಯಾರ ಪೈಕಿ” ಎಂದು ಅವನನ್ನು ಕೇಳುವವರು ಯಾರು? ಇದೇ ನಾನು ಇಂದು ನಿಮ್ಮ ಮುಂದಿಡಲು ಬಯಸುವ ಪ್ರಶ್ನೆ.

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ನಮಗೆಲ್ಲ ಪರಿಚಿತವಾದ ಒಂದು ಘಟನೆಯಿದೆ. ಬಾಲಯೇಸು ಹನ್ನೆರಡು ವರ್ಷದವರಾಗಿದ್ದಾಗ, ಪಾಸ್ಕ ಹಬ್ಬವನ್ನು ಮುಗಿಸಿಕೊಂಡು ತಂದೆತಾಯಿಗಳು ಜೆರುಸಲೇಮಿನಿಂದ ಹಿಂತಿರುಗುತ್ತಾರೆ. ಮಗನು ಬಂಧುಬಳಗದವರ ಗುಂಪಿನಲ್ಲೇ ಇರುವನೆಂದು ಎಣಿಸಿ, ಒಂದು ದಿನದ ಹಾದಿಯನ್ನು ನಡೆದುಬಿಡುತ್ತಾರೆ. ಮಾತೆ ಮರಿಯಮ್ಮನವರಿಗಿಂತಲೂ ಸಂತ ಜೋಸೆಫರಿಗಿಂತಲೂ ಎಚ್ಚರಿಕೆಯುಳ್ಳ ತಂದೆತಾಯಿಗಳು ಲೋಕದಲ್ಲಿ ಇದ್ದಾರೆಯೇ? ಆದರೂ ಅವರು ಎಣಿಸಿಕೊಂಡರು. ನಾವು ಸಹ ಹಾಗೆಯೇ ಎಣಿಸಿಕೊಳ್ಳುತ್ತೇವೆ. ಬಾಗಿಲು ಹಾಕಿದೆ, ದೀಪ ಉರಿಯುತ್ತಿದೆ, ಮಗು ಮನೆಯೊಳಗೇ ಇದೆ ಎಂದು ನೆಮ್ಮದಿಯಿಂದ ಮಲಗುತ್ತೇವೆ. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬ ಜೀವನವನ್ನು ಕುರಿತು ಹೊರಡಿಸಿದ ತಮ್ಮ ಪ್ರಬೋಧನ ಪತ್ರದಲ್ಲಿ ಈ ಮಾತನ್ನೇ ಎತ್ತಿದ್ದಾರೆ: ಮಗುವಿನ ಶರೀರ ಎಲ್ಲಿದೆ ಎಂಬುದಕ್ಕಿಂತ ಅದರ ಮನಸ್ಸು, ಅದರ ಆಸೆ, ಅದರ ಬಾಳು ಎಲ್ಲಿ ನೆಲೆಸಿವೆ ಎಂಬುದನ್ನು ತಂದೆತಾಯಿಗಳು ಅರಿಯಬೇಕು ಎಂಬುದು ಅವರ ಬೋಧನೆಯ ಸಾರ.

ಫೋನು ನಮ್ಮ ಮಕ್ಕಳ ಕೈಗೆ ಬಂದದ್ದು ದುರಾಸೆಯಿಂದಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದವು. ಪಾಠವೇ ಫೋನಿನೊಳಗೆ ಸೇರಿತು. 2021ರ ಜೂನ್ ತಿಂಗಳಿನಲ್ಲಿ, ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ನೋಡಿ ಕಣ್ಣೊರೆಸಿಕೊಂಡಿತು. ನಮ್ಮ ಸೀಮೆಯಲ್ಲೂ ಕೂಲಿಯ ಹಣ ಕೂಡಿಟ್ಟು, ಸಾಲ ಮಾಡಿ ಫೋನು ತಂದವರು ಎಷ್ಟೋ ಮಂದಿ. ಬೆಂಗಳೂರಿಗೋ ತಿರುಪ್ಪೂರಿಗೋ ಕೆಲಸಕ್ಕೆ ಹೋದ ತಂದೆತಾಯಿಗಳು, ಅಜ್ಜಿಯ ಬಳಿ ಬಿಟ್ಟುಬಂದ ಮಕ್ಕಳ ಮುಖ ನೋಡಲು ಇರುವ ದಾರಿಯೂ ಇದೊಂದೇ. ಆದುದರಿಂದ ಫೋನನ್ನು ಸೈತಾನನೆಂದು ಶಪಿಸಲು ನಾನಿಲ್ಲಿ ನಿಂತಿಲ್ಲ. ಮಳೆಯಲ್ಲಿ ಕೊಡೆ ಹಿಡಿದ ಆ ತಂದೆ ಮಗಳ ಪಕ್ಕದಲ್ಲೇ ನಿಂತಿದ್ದರು ಎಂಬುದನ್ನು ಮಾತ್ರ ನೆನಪಿಗೆ ತರುತ್ತೇನೆ. ಮಳೆ ನಿಂತಿತು, ಶಾಲೆಗಳು ತೆರೆದವು; ಫೋನು ಮಕ್ಕಳ ಕೈಯಲ್ಲೇ ಉಳಿಯಿತು, ಕೊಡೆ ಹಿಡಿದವರು ಮಾತ್ರ ತಮ್ಮ ತಮ್ಮ ಕೆಲಸಕ್ಕೆ ಹೊರಟುಹೋದರು.

ಕೇಡು ಹೇಗೆ ಒಳಹೊಗುತ್ತದೆ ಎಂಬುದನ್ನು ರೇಷ್ಮೆ ಸಾಕಿದ ನಿಮಗೆ ನಾನು ವಿವರಿಸಬೇಕಾಗಿಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಗೂಡಿನೊಂದಿಗೆ ಊಜಿ ನೊಣ ಕರ್ನಾಟಕಕ್ಕೆ ಬಂದು ಸೇರಿತು. ಆ ನೊಣ ಹುಳುವನ್ನು ಕಚ್ಚಿ ಕೊಲ್ಲುವುದಿಲ್ಲ. ಮೈಮೇಲೆ ಒಂದು ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಮರಿ ಒಳಗೆ ಹೊಕ್ಕ ಕಡೆ ಒಂದು ಸಣ್ಣ ಕಪ್ಪು ಚುಕ್ಕೆ ಕಾಣುತ್ತದೆ, ಅಷ್ಟೇ. ಹುಳು ಎಂದಿನಂತೆ ಸೊಪ್ಪು ತಿನ್ನುತ್ತಲೇ ಇರುತ್ತದೆ. ಒಳಗೆ ಬೆಳೆದ ಮರಿ ಅದರ ಜೀವವನ್ನೇ ತಿಂದು ಹೊರಬಂದಾಗಲಷ್ಟೇ ನಷ್ಟ ನಮಗೆ ಅರಿವಾಗುವುದು. ಜಾಲತಾಣದ ವಂಚಕನ ರೀತಿಯೂ ಇದೇ. ಮೊದಲು ಮಗುವಿನ ಚಿತ್ರವನ್ನು ಹೊಗಳುತ್ತಾನೆ, ತಾನೂ ಅದೇ ವಯಸ್ಸಿನವನೆಂದು ಹೇಳಿಕೊಳ್ಳುತ್ತಾನೆ, ಜೊತೆಗೆ ಆಟವಾಡುತ್ತಾನೆ, ಎಲ್ಲರೂ ಕಾಣುವ ಜಾಗದಿಂದ ಯಾರೂ ಕಾಣದ ಸಂಭಾಷಣೆಗೆ ಕರೆದೊಯ್ಯುತ್ತಾನೆ, “ಅಪ್ಪ ಅಮ್ಮನಿಗೆ ಹೇಳಬೇಡ” ಎನ್ನುತ್ತಾನೆ. ಆ ಗುಟ್ಟೇ ಅವನಿಡುವ ಮೊಟ್ಟೆ. ಮುಂದೆ ಮರ್ಯಾದೆಗೆಟ್ಟ ಚಿತ್ರವೊಂದನ್ನು ಕೇಳಿ ಪಡೆದು, ಅದನ್ನೇ ಹಿಡಿದು ಬೆದರಿಸುತ್ತಾನೆ. ಗಂಡುಮಕ್ಕಳಿಗೂ ಈ ಅಪಾಯ ತಪ್ಪಿದ್ದಲ್ಲ. ಇನ್ನೂ ಒಂದು ಕಹಿ ಮಾತು: ಜೊತೆಯ ಹುಡುಗಿಯ ಚಿತ್ರವನ್ನು ಹತ್ತು ಜನರಿಗೆ ಕಳುಹಿಸಿ ನಕ್ಕವನು ನಮ್ಮ ಮನೆಯ ಮಗನೂ ಆಗಿರಬಹುದು. ಅವನನ್ನು ತಿದ್ದುವುದೂ ನಮ್ಮ ಹೊಣೆಯೇ.

ಹುಳು ಮನೆಗೆ ನೊಣ ಬಾರದಂತೆ ಪರದೆ ಕಟ್ಟುತ್ತೇವೆ, ಕೈಕಾಲು ತೊಳೆಯದೆ ಒಳಗೆ ಕಾಲಿಡುವುದಿಲ್ಲ. ಮಗುವಿನ ವಿಷಯದಲ್ಲಿ ಮಾಡುವುದೇನು? ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೊದಲಾದ ತಾಣಗಳ ನಿಯಮದಂತೆಯೇ ಹದಿಮೂರು ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ಆದರೂ ಹತ್ತು ವರ್ಷದ ಮಗುವಿನ ಹುಟ್ಟಿದ ವರ್ಷವನ್ನು ತಿದ್ದಿ, ಖಾತೆ ತೆರೆದುಕೊಡುವ ತಂದೆಯರಿದ್ದಾರೆ. ನಮ್ಮ ದೇವಾಲಯದ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ವರ್ಷ, ಫೋನಿನಲ್ಲಿ ಇನ್ನೊಂದು ವರ್ಷ! ಮಗುವಿಗೆ ನಾವು ಹೀಗೆ ಕಲಿಸಿಕೊಟ್ಟ ಮೊದಲ ಪಾಠವೇ ಸುಳ್ಳಾದರೆ, ನಾಳೆ ಅದು ನಿಜ ಹೇಳಲಿಲ್ಲವೆಂದು ಕೋಪಿಸಿಕೊಳ್ಳುವ ಹಕ್ಕು ನಮಗಿದೆಯೇ?

ಇತರರನ್ನು ತಿದ್ದುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಹಿಂದೊಮ್ಮೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳ ಚಿತ್ರಗಳನ್ನು, ಅವರ ಹೆಸರು, ಊರು, ಶಾಲೆಗಳ ಸಮೇತ ನಾನೇ ಸಂತೋಷದಿಂದ ಜಾಲತಾಣದಲ್ಲಿ ಹಾಕಿಸಿದೆ. ಮರುದಿನ ಧರ್ಮೋಪದೇಶ ಕಲಿಸುವ ಶಿಕ್ಷಕಿಯೊಬ್ಬರು ಬಂದು, ಸಂಕೋಚದಿಂದಲೇ, “ಸ್ವಾಮಿ, ಈ ಮಗು ಯಾರು, ಎಲ್ಲಿ ಓದುತ್ತದೆ ಎಂದು ಗೊತ್ತಿಲ್ಲದವರಿಗೆಲ್ಲ ನಾವೇ ವಿಳಾಸ ಕೊಟ್ಟಂತಾಯಿತಲ್ಲ” ಎಂದರು. ನನ್ನ ಕಿವಿ ಕೆಂಪಾಯಿತು. ಅಂದೇ ತೆಗೆಸಿದೆ. ಅರಿಯದೆ ಮಾಡಿದ ತಪ್ಪೂ ತಪ್ಪೇ. ಆದ್ದರಿಂದ ಸಮವಸ್ತ್ರ ತೊಟ್ಟ ಮಗುವಿನ ಚಿತ್ರ, ಮನೆಯ ಗುರುತು, ಫೋನ್ ಸಂಖ್ಯೆ ಇವುಗಳನ್ನು ನೀವೂ ಹಾಕಬೇಡಿರಿ, ಮಕ್ಕಳಿಗೂ ಹಾಕಬಾರದೆಂದು ತಿಳಿಸಿರಿ.

ಕೇಡು ನಡೆದೇಹೋದರೆ ಮಾಡಬೇಕಾದುದೇನು? ಮತ್ತೆ ನಜರೇತಿನ ಕುಟುಂಬದ ಕಡೆಗೆ ನೋಡಿರಿ. ಮೂರನೆಯ ದಿನ ಮಗನು ದೊರೆತಾಗ ಮಾತೆ ಮರಿಯಮ್ಮನವರು ಹೊಡೆಯಲಿಲ್ಲ, ಬಂಧುಗಳ ಮುಂದೆ ಹಳಿಯಲಿಲ್ಲ. ತಮ್ಮಿಬ್ಬರ ಕಳವಳವನ್ನು ತಿಳಿಸಿ, ಏಕೆ ಹೀಗಾಯಿತೆಂದು ಕೇಳಿದರು. ಉತ್ತರ ಅರ್ಥವಾಗದಿದ್ದರೂ ಅದನ್ನು ಹೃದಯದಲ್ಲಿಟ್ಟುಕೊಂಡರು. ಬೆದರಿಕೆಗೆ ಸಿಕ್ಕ ಮಗು ಬಾಯಿ ಬಿಡದಿರುವುದು ವಂಚಕನ ಭಯಕ್ಕಿಂತ ಹೆಚ್ಚಾಗಿ ತಂದೆಯ ಭಯದಿಂದ. “ಅಪ್ಪನಿಗೆ ತಿಳಿದರೆ ಕೊಂದೇಬಿಡುತ್ತಾರೆ, ಓದು ಬಿಡಿಸುತ್ತಾರೆ” ಎಂಬ ಆ ಒಂದು ಭಯವೇ ವಂಚಕನ ಬಂಡವಾಳ. ಆದುದರಿಂದ ಇಂದು ರಾತ್ರಿಯೇ ನಿಮ್ಮ ಮಗುವಿಗೆ ಹೇಳಿರಿ: “ನೀನು ಎಂಥ ತಪ್ಪು ಮಾಡಿದ್ದರೂ ನನ್ನ ಬಳಿ ಬಾ, ಮೊದಲು ನಿನ್ನನ್ನು ಕಾಪಾಡುತ್ತೇನೆ, ಬುದ್ಧಿಮಾತು ಆಮೇಲೆ.”

ಹೀಗೆ ಮಗು ಬಂದು ಹೇಳಿದಾಗ, ಬೆದರಿಸಿದವನಿಗೆ ಹಣ ಕೊಡಬೇಡಿರಿ. ಬಂದ ಸಂದೇಶಗಳನ್ನು ನಾಚಿಕೆಯಿಂದ ಅಳಿಸಬೇಡಿರಿ, ಅವೇ ಸಾಕ್ಷಿ. ಆ ಚಿತ್ರವನ್ನು ತೋರಿಸಲೆಂದು ಯಾರಿಗೂ ಕಳುಹಿಸಬೇಡಿರಿ. ಅದು ಮಗುವಿಗೆ ಮಾಡುವ ಎರಡನೆಯ ಗಾಯ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಣ ಕಳೆದುಕೊಂಡಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಿರಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು 2012ರಲ್ಲಿ ಬಂದ ಪೋಕ್ಸೊ ಕಾಯಿದೆ ಹದಿನೆಂಟು ವರ್ಷದೊಳಗಿನ ಎಲ್ಲರನ್ನೂ, ಗಂಡು ಹೆಣ್ಣೆನ್ನದೆ, ಕಾಯುತ್ತದೆ. ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದೂ, ಪತ್ರಿಕೆಗಳು ಮಗುವಿನ ಗುರುತನ್ನು ಹೊರಗೆಡಹಬಾರದೆಂದೂ ಅದು ವಿಧಿಸುತ್ತದೆ. ಊರಲ್ಲಿ ಮಾನ ಹೋದೀತೆಂದು ಪಂಚಾಯಿತಿ ಮಾಡಿ ಮುಚ್ಚಿಹಾಕಿದರೆ, ಅಪರಾಧಿ ಇನ್ನೊಂದು ಮನೆಯ ಮಗುವಿನ ಬಳಿಗೆ ಹೋಗುತ್ತಾನೆ. ಫೋನಿನ ಗೀಳಿನಿಂದ ಊಟ, ನಿದ್ರೆ, ಓದು ಬಿಟ್ಟ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಪ್ರತ್ಯೇಕ ಚಿಕಿತ್ಸಾ ಸೇವೆಯನ್ನು ಆರಂಭಿಸಿತು. ಅಲ್ಲಿಗೆ ಹೋಗುವುದು ಅವಮಾನವಲ್ಲ.

ಸರ್ಕಾರಗಳೂ ಎಚ್ಚೆತ್ತಿವೆ. ಕರ್ನಾಟಕ ಉಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್‌ನಲ್ಲಿ ಮೊಕದ್ದಮೆಯೊಂದರ ವಿಚಾರಣೆಯ ನಡುವೆ, ಜಾಲತಾಣಗಳ ಬಳಕೆಗೆ ವಯೋಮಿತಿ ಬೇಕೆಂದು ಅಭಿಪ್ರಾಯಪಟ್ಟಿತು. ಅದೇ ವರ್ಷ ಭಾರತದ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆನ್ನುತ್ತದೆ. ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರು ಇಂಥ ತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆದಿದೆ. ಇವೆಲ್ಲ ಒಳ್ಳೆಯದೇ. ಆದರೆ ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತುವ ಕೈ ನಮ್ಮದೇ ಆಗಿದ್ದರೆ ಕಾನೂನು ಏನು ಮಾಡೀತು? ತಂದೆತಾಯಿಗಳೇ ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು. ಆ ಸ್ಥಾನವನ್ನು ಶಾಲೆಯಾಗಲಿ, ಸರ್ಕಾರವಾಗಲಿ, ಗುರುಗಳಾದ ನಾವಾಗಲಿ ತುಂಬಲಾರೆವು.

“ಸ್ವಾಮಿ, ನಮಗೆ ಓದು ಬಾರದು, ಫೋನಿನ ವಿದ್ಯೆ ಮಕ್ಕಳಿಗೇ ಹೆಚ್ಚು ಗೊತ್ತು” ಎನ್ನುತ್ತೀರಿ. ಜಗಲಿಯ ಅಜ್ಜನಿಗೂ ಓದು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. ನೀವೂ ಮಗುವಿನ ಪಕ್ಕದಲ್ಲಿ ಕುಳಿತು ಕೇಳಿರಿ: ಇವರು ಯಾರಪ್ಪಾ? ಎಲ್ಲಿಯವರು? ನೀನು ಇವರನ್ನು ಕಣ್ಣಾರೆ ಕಂಡಿದ್ದೀಯಾ? ಪೊಲೀಸರಂತೆ ಕೇಳದೆ, ಗೆಳೆಯರ ಮನೆಯ ಸಮಾಚಾರ ಕೇಳುವಂತೆ ಕೇಳಿರಿ. ರಾತ್ರಿ ಕುಟುಂಬ ಜಪಸರದ ಹೊತ್ತಿಗೆ ಮನೆಯವರೆಲ್ಲರ ಫೋನುಗಳನ್ನು, ತಂದೆಯದನ್ನೂ ಸೇರಿಸಿ, ಒಂದು ತಟ್ಟೆಯಲ್ಲಿಡಿರಿ; ಬೆಳಗಿನವರೆಗೂ ಅವು ನಡುಮನೆಯಲ್ಲೇ ಇರಲಿ. ತಾವೇ ಊಟದ ತಟ್ಟೆಯ ಮುಂದೆ ಫೋನು ನೋಡುವವರ ಉಪದೇಶವನ್ನು ಯಾವ ಮಗುವೂ ಕೇಳುವುದಿಲ್ಲ.

ಮಕ್ಕಳ ಮುಂದೆ ಒಳ್ಳೆಯ ಮಾದರಿಯೊಂದನ್ನೂ ಇಡಿರಿ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಸಂತ ಪದವಿಗೇರಿಸಿದ ಕಾರ್ಲೋ ಅಕುಟಿಸ್, 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲೇ ತೀರಿಕೊಂಡ ಬಾಲಕ. ಪರಮಪ್ರಸಾದದ ಅದ್ಭುತಗಳನ್ನು ಸಾರಲು ಜಾಲತಾಣವನ್ನೇ ರಚಿಸಿದ ಆ ಬಾಲಕನು, ಆಟದ ಯಂತ್ರಕ್ಕೆ ವಾರಕ್ಕೆ ಒಂದು ಗಂಟೆಯ ಮಿತಿಯನ್ನು ತಾನೇ ಹಾಕಿಕೊಂಡಿದ್ದನು. ಯಂತ್ರವು ಅವನ ಸೇವಕನಾಗಿತ್ತು, ಒಡೆಯನಾಗಲಿಲ್ಲ.

ಪ್ರಿಯರೇ, ನಮ್ಮ ಹಿರಿಯರು ನೂರು ವರ್ಷಗಳ ಹಿಂದೆ ಕಲ್ಲು ಹೊತ್ತು ಕಟ್ಟಿದ ಈ ದೇವಾಲಯದಲ್ಲಿ ನಾಳೆ ಮಂಡಿಯೂರುವವರು ನಮ್ಮ ಮಕ್ಕಳೇ. ಗೋಡೆಗೆ ಸುಣ್ಣ ಬಳಿದು, ಗೋಪುರಕ್ಕೆ ದೀಪ ಕಟ್ಟಿ, ಮಕ್ಕಳನ್ನು ಕಳೆದುಕೊಂಡರೆ ಈ ಶತಮಾನೋತ್ಸವಕ್ಕೆ ಅರ್ಥವೇನು? ಮರಿಯಮ್ಮನವರೂ ಜೋಸೆಫರೂ ಮಗನನ್ನು ಕಾಣದೆ ಮುಂದಕ್ಕೆ ನಡೆಯಲಿಲ್ಲ. ಬಂದ ಹಾದಿಯಲ್ಲೇ ಹಿಂದಿರುಗಿ ಹುಡುಕಿದರು. ನಾವೂ ಇಂದು ಮನೆಗೆ ಹಿಂದಿರುಗಿ, ನಮ್ಮ ಮಗು ಯಾರ ಸಂಗಡ ಇದೆಯೆಂದು ಪ್ರೀತಿಯಿಂದ ವಿಚಾರಿಸೋಣ. ನಜರೇತಿನ ಪವಿತ್ರ ಕುಟುಂಬದ ಬಿನ್ನಹದಿಂದ ಸರ್ವೇಶ್ವರನು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಕಾಪಾಡಿ ಹರಸಲಿ.