130 ಡಾಲರ್‌ಗೆ ಹೋದ ಸೂಪರ್‌ಮ್ಯಾನ್: ಸೃಷ್ಟಿಸಿದ್ದು ಯಾರು, ಓನರ್ ಯಾರು?

ಇವತ್ತಿನ ಸಂಚಿಕೆನ ಒಂದು ಹಳೇ ಚೆಕ್‌ನಿಂದ ಶುರು ಮಾಡೋಣ.

2012ರಲ್ಲಿ ಅಮೆರಿಕದಲ್ಲಿ ಈ ಚೆಕ್ ಹರಾಜಾಯ್ತು. ಅದರ ಮೇಲಿದ್ದ ತಾರೀಖು 1938ರ ಮಾರ್ಚ್ 1, ಒಟ್ಟು ಮೊತ್ತ 412 ಡಾಲರ್. ಅದರಲ್ಲಿ ಸೂಪರ್‌ಮ್ಯಾನ್‌ಗೆ ಅಂತ ಇದ್ದದ್ದು 130 ಡಾಲರ್. ಹರಾಜಲ್ಲಿ ಆ ಚೆಕ್ ಹೋಗಿದ್ದು 1,60,000 ಡಾಲರ್‌ಗೆ! ಸೂಪರ್‌ಮ್ಯಾನ್‌ಗೆ ಕೊಟ್ಟ ದುಡ್ಡಿಗಿಂತ, ಆ ದುಡ್ಡು ಕೊಟ್ಟ ಕಾಗದಕ್ಕೇ ಸಾವಿರ ಪಟ್ಟು ಜಾಸ್ತಿ ಬೆಲೆ ಬಂತು.

ಆ ಚೆಕ್ ಪಡೆದವರು ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ಕ್ಲೀವ್‌ಲ್ಯಾಂಡ್‌ನಲ್ಲಿ ಒಂದೇ ಶಾಲೆಲಿ ಓದಿದ ಗೆಳೆಯರು. ಒಬ್ಬ ಬರೀತಿದ್ದ, ಇನ್ನೊಬ್ಬ ಬಿಡಿಸ್ತಿದ್ದ. ವರ್ಷಗಟ್ಟಲೆ ಎಲ್ಲರ ಬಾಗಿಲು ತಟ್ಟಿ, ಬೇಡ ಅನ್ನಿಸ್ಕೊಂಡು ಬಂದವರು. ಕೊನೆಗೆ ಒಬ್ಬ ಪ್ರಕಾಶಕರು 13 ಪುಟ ತಗೊಂಡ್ರು, ಪುಟಕ್ಕೆ 10 ಡಾಲರ್. ಜೊತೆಗೆ ಒಂದು ಪತ್ರಕ್ಕೆ ಸಹಿ. ಪಾತ್ರದ ಎಲ್ಲಾ ಹಕ್ಕೂ ಶಾಶ್ವತವಾಗಿ ಕಂಪನಿಗೆ ಅಂತ.

ನಾನು ಬಿ.ಕಾಂ ಓದಿದವಳು, ಹಾಗಾಗಿ ಮೊದಲು ರೇಟ್ ನೋಡ್ದೆ. ಆ ಕಾಲಕ್ಕೆ ಪುಟಕ್ಕೆ 10 ಡಾಲರ್ ಅನ್ನೋದು ಮೋಸದ ರೇಟೇನಲ್ಲ. ನನ್ನ ಪ್ರಕಾರ ಇಡೀ ಕಥೆಯ ಗುಟ್ಟು ಇಲ್ಲೇ ಇದೆ. ಪುಟದ ರೇಟ್ ಸರಿಯಾಗೇ ಇತ್ತು, ಆದ್ರೆ ಅವರು ಮಾರಿದ್ದು ಬರೀ ಪುಟ ಅಲ್ಲ. ಹಾಲಿನ ರೇಟ್ ತಗೊಂಡು ಹಸುನೇ ಹೊಡ್ಕೊಂಡು ಹೋಗೋಕೆ ಬಿಟ್ರು.

1947ರಲ್ಲಿ ಇಬ್ಬರೂ ಕೋರ್ಟಿಗೆ ಹೋದ್ರು. ಮರುವರ್ಷ ಸುಮಾರು 94,000 ಡಾಲರ್‌ಗೆ ರಾಜಿ ಆಯ್ತು. ಕೆಲಸ ಹೋಯ್ತು, ಕಾಮಿಕ್ಸ್‌ನಿಂದ ಅವರ ಹೆಸರೂ ಹೋಯ್ತು. 1975ರ ಹೊತ್ತಿಗೆ ಸೀಗಲ್ ಲಾಸ್ ಏಂಜಲೀಸ್‌ನಲ್ಲಿ ಟೈಪಿಂಗ್ ಕೆಲಸದಲ್ಲಿದ್ರು, ಶುಸ್ಟರ್‌ಗೆ ಕಣ್ಣೇ ಸರಿಯಾಗಿ ಕಾಣ್ತಿರಲಿಲ್ಲ. ಅದೇ ಟೈಮಲ್ಲಿ ಸೂಪರ್‌ಮ್ಯಾನ್ ಮೇಲೆ ದೊಡ್ಡ ಬಜೆಟ್ ಸಿನಿಮಾ ಬರುತ್ತೆ ಅಂತ ಸುದ್ದಿ. ಸೀಗಲ್ ಸಿಟ್ಟಿಂದ ಪತ್ರಿಕೆಗಳಿಗೆ ಪತ್ರ ಬರೆದ್ರು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಅನ್ನೋ ಕಲಾವಿದರು ಇವರ ಪರ ನಿಂತು ದೊಡ್ಡ ಅಭಿಯಾನವನ್ನೇ ಮಾಡಿದ್ರು. ಕೊನೆಗೆ ವಾರ್ನರ್ ಕಂಪನಿ ಒಪ್ಕೊಂತು. ತಲಾ ವರ್ಷಕ್ಕೆ 20,000 ಡಾಲರ್, ಮತ್ತೆ ಹೆಸರು ವಾಪಸ್. ಅದು ಕೋರ್ಟ್ ಕೊಡಿಸಿದ್ದಲ್ಲ. ಜನ ಏನಂತಾರೋ ಅನ್ನೋ ಮುಜುಗರ ಕೊಡಿಸಿದ್ದು.

ಈಗ ಕಂಪನಿ ಕಡೆ ವಾದನೂ ಕೇಳೋಣ. "ಪ್ರಿಂಟ್ ಹಾಕಿಸಿದ್ದು ನಾವು, ಅಂಗಡಿಗೆ ತಲುಪಿಸಿದ್ದು ನಾವು. ಓಡದೇ ಹೋದ ಕಾಮಿಕ್ಸ್‌ನ ನಷ್ಟ ತಿಂದವರೂ ನಾವೇ. ಗೆದ್ದಾಗ ಮಾತ್ರ ಪಾಲು ಕೇಳಿದ್ರೆ ಹೇಗೆ?" ಇದು ತಳ್ಳಿಹಾಕೋ ಮಾತಲ್ಲ. ರಿಸ್ಕ್ ತಗೊಂಡವರಿಗೆ ಲಾಭ ಬರ್ಬೇಕು.

ಆದ್ರೆ ಅಮೆರಿಕದ 1976ರ ಕಾಪಿರೈಟ್ ಕಾಯ್ದೆ ಒಂದು ಮಾತು ಒಪ್ಕೊಳ್ಳುತ್ತೆ. ಮಾರೋ ದಿನ ಆ ಪಾತ್ರದ ನಿಜವಾದ ಬೆಲೆ ಯಾರಿಗೂ ಗೊತ್ತಿರಲ್ಲ. ಅದಕ್ಕೇ ಸೃಷ್ಟಿಸಿದವರಿಗೆ ಎರಡನೇ ಅವಕಾಶ ಇದೆ. 1978ರಿಂದೀಚೆಗೆ ಹಕ್ಕು ಬರೆದುಕೊಟ್ಟಿದ್ರೆ 35 ವರ್ಷದ ಮೇಲೆ, ಅದಕ್ಕೂ ಹಳೇ ಕೃತಿಗಳಾದ್ರೆ 56 ವರ್ಷದ ಮೇಲೆ ನೋಟಿಸ್ ಕೊಟ್ಟು ಹಕ್ಕು ವಾಪಸ್ ಕೇಳಬಹುದು. ಅವರು ತೀರಿಹೋಗಿದ್ರೆ ಹೆಂಡತಿ ಮಕ್ಕಳೂ ಕೇಳಬಹುದು.

ಒಂದು ಮುಖ್ಯ ಷರತ್ತು ಇದೆ. ಅದು 'ವರ್ಕ್ ಫಾರ್ ಹೈರ್' ಆಗಿರಬಾರದು. ಅಂದ್ರೆ ಕಂಪನಿಯ ಕೆಲಸಗಾರರಾಗಿ, ಅವರು ಹೇಳಿ ಮಾಡಿಸಿದ ಕೆಲಸ ಆಗಿರಬಾರದು. ಹಾಗಾಗಿದ್ರೆ ಕಾನೂನಿನ ಕಣ್ಣಲ್ಲಿ ಅದನ್ನ ಸೃಷ್ಟಿಸಿದ್ದೇ ಕಂಪನಿ. ವಾಪಸ್ ಕೇಳೋ ಪ್ರಶ್ನೆನೇ ಬರಲ್ಲ.

ಜ್ಯಾಕ್ ಕರ್ಬಿ ಕುಟುಂಬದ ಕೇಸ್ ನಿಂತಿದ್ದು ಇದೇ ಮಾತಿನ ಮೇಲೆ. ಹಲ್ಕ್, ಥಾರ್, ಎಕ್ಸ್-ಮೆನ್, ಫೆಂಟಾಸ್ಟಿಕ್ ಫೋರ್ ಇವೆಲ್ಲ ಸ್ಟ್ಯಾನ್ ಲೀ ಜೊತೆ ಕರ್ಬಿ ಕೈಯಲ್ಲಿ ಹುಟ್ಟಿದ್ದು. 60ರ ದಶಕದಲ್ಲಿ ಅವರಿಗೆ ಮಾರ್ವೆಲ್‌ನಿಂದ ಸಂಬಳ ಇರಲಿಲ್ಲ. ಮನೆಲಿ ಕೂತು, ತಮ್ಮದೇ ಪೆನ್ಸಿಲ್ ಪೇಪರ್ ಇಟ್ಕೊಂಡು ಬಿಡಿಸ್ತಿದ್ರು, ಪುಟದ ಲೆಕ್ಕದಲ್ಲಿ ದುಡ್ಡು. ನಮ್ಮ ಭಾಷೆಲಿ ಫ್ರೀಲ್ಯಾನ್ಸರ್. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲ್‌ನ ಕೊಳ್ತೀವಿ ಅಂತು. ಕೆಲವೇ ವಾರದಲ್ಲಿ ಕರ್ಬಿ ಮಕ್ಕಳು 45 ನೋಟಿಸ್ ಕಳಿಸಿದ್ರು. 2011ರಲ್ಲಿ ಒಂದು ಕೋರ್ಟ್, 2013ರಲ್ಲಿ ಮೇಲಿನ ಕೋರ್ಟ್, ಎರಡೂ ಮಾರ್ವೆಲ್ ಪರ. ಹೇಳಿದ್ದು ಕಂಪನಿ, ಖರ್ಚು ಕಂಪನಿದು, ಆದ್ದರಿಂದ ವರ್ಕ್ ಫಾರ್ ಹೈರ್ ಅಂತ ತೀರ್ಪು.

ಕುಟುಂಬ ಸುಪ್ರೀಂ ಕೋರ್ಟಿಗೆ ಹೋಯ್ತು. 2014ರ ಸೆಪ್ಟೆಂಬರ್‌ನಲ್ಲಿ, ಆ ಅರ್ಜಿ ತಗೋಬೇಕಾ ಬೇಡ್ವಾ ಅಂತ ಜಡ್ಜ್‌ಗಳು ಕೂರೋಕೆ ಕೆಲವೇ ದಿನ ಇದ್ದಾಗ, ರಾಜಿ ಆಗೋಯ್ತು. ಮೊತ್ತ ಗುಟ್ಟು. ಎರಡು ಕೋರ್ಟ್‌ನಲ್ಲಿ ಗೆದ್ದ ಕಂಪನಿ ರಾಜಿ ಮಾಡ್ಕೊಳ್ಳುತ್ತೆ ಅಂದ್ರೆ, ಮೂರನೇದರಲ್ಲಿ ಸೋತ್ರೆ ಏನೇನು ಹೋಗುತ್ತೆ ಅನ್ನೋ ಲೆಕ್ಕ ಅವರಿಗೂ ಇತ್ತು ಅಂತ ನನ್ನ ಅಂದಾಜು.

ಇದಕ್ಕೆ ಉಲ್ಟಾ ದಾರಿನೂ ಇದೆ. 1984ರಲ್ಲಿ ಕೆವಿನ್ ಈಸ್ಟ್‌ಮನ್, ಪೀಟರ್ ಲೇರ್ಡ್ ತಮ್ಮದೇ ದುಡ್ಡು, ಜೊತೆಗೆ ಒಂದಷ್ಟು ಸಾಲ ಹಾಕಿ ಕಪ್ಪುಬಿಳುಪಿನ ಕಾಮಿಕ್ ಅಚ್ಚು ಹಾಕಿಸಿದ್ರು. ಅದೇ ನಿಂಜಾ ಟರ್ಟಲ್ಸ್. ಓಡದಿದ್ರೆ ನಷ್ಟ ಪೂರ್ತಿ ಅವರದೇ. ಓಡ್ತು, ಹಕ್ಕೂ ಅವರದೇ ಉಳೀತು. 2009ರಲ್ಲಿ ಅದು ವಯಾಕಾಮ್‌ಗೆ ಮಾರಾಟ ಆಗಿದ್ದು ಸುಮಾರು 6 ಕೋಟಿ ಡಾಲರ್‌ಗೆ. 1992ರಲ್ಲಿ ಮಾರ್ವೆಲ್‌ನ ಸ್ಟಾರ್ ಕಲಾವಿದರು ಹೊರಬಂದು ಇಮೇಜ್ ಕಾಮಿಕ್ಸ್ ಕಟ್ಟಿದ್ರು. ಅಲ್ಲಿ ನಿಯಮ ಸಿಂಪಲ್. ಪಾತ್ರ ಯಾರು ಸೃಷ್ಟಿಸಿದ್ರೋ ಅವರದೇ.

ಇದನ್ನ ಕೇಳ್ತಿರೋರಲ್ಲಿ ಇಲ್ಲಸ್ಟ್ರೇಟರ್‌ಗಳು, ಸ್ಕ್ರಿಪ್ಟ್ ಬರೆಯೋರು ಇರ್ತೀರ. ಅಮೆರಿಕದಲ್ಲಿರೋ 35 ವರ್ಷದ ಆ ಬಾಗಿಲು ನಮ್ಮ ಕಾಪಿರೈಟ್ ಕಾಯ್ದೆಲಿ ಹಾಗೇ ಇಲ್ಲ. ನೀವು ಸಂಬಳದ ನೌಕರರಾಗಿ ಮಾಡಿದ ಕೆಲಸ, ಬೇರೆ ಒಪ್ಪಂದ ಇಲ್ಲದಿದ್ರೆ, ಕಂಪನಿದು. ದುಡ್ಡು ಕೊಟ್ಟು ಹೇಳಿ ಮಾಡಿಸಿದ ಪೇಂಟಿಂಗ್, ಫೋಟೋಗೂ ಹೆಚ್ಚುಕಮ್ಮಿ ಇದೇ ಕಥೆ. ಆದ್ರೆ ಒಂದು ಒಳ್ಳೆ ಸಂಗತಿ ಇದೆ. ಹಕ್ಕು ನಿಮ್ಮದಾಗಿದ್ದು, ಅದನ್ನ ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ಹಾಕಿಲ್ಲದಿದ್ರೆ 5 ವರ್ಷ ಅಂತಲೇ ಲೆಕ್ಕ. ಯಾವ ಊರಿಗೆ, ದೇಶಕ್ಕೆ ಅಂತ ಹಾಕಿಲ್ಲದಿದ್ರೆ ಭಾರತಕ್ಕೆ ಮಾತ್ರ. ಅದಕ್ಕೇ 'ಶಾಶ್ವತವಾಗಿ', 'ಜಗತ್ತಿನಾದ್ಯಂತ' ಅನ್ನೋ ಎರಡು ಪದ ಅಗ್ರಿಮೆಂಟಲ್ಲಿ ಕಂಡ್ರೆ ಅಲ್ಲೇ ನಿಂತ್ಕೊಳ್ಳಿ. ಕೇಳಿ. ದುಡ್ಡು ಜಾಸ್ತಿ ಕೇಳೋಕೆ ಆಗದಿದ್ರೂ, ವರ್ಷ ಕಮ್ಮಿ ಮಾಡಿ ಅಂತ ಕೇಳಬಹುದು.

ಸೀಗಲ್, ಶುಸ್ಟರ್‌ಗೆ ಹಾಗೆ ಕೇಳೋ ಧೈರ್ಯ ಇರಲಿಲ್ಲ ಅಂತಲ್ಲ. ಹಾಗೆ ಕೇಳಬಹುದು ಅಂತ ಅವರಿಗೆ ಹೇಳೋರೇ ಇರಲಿಲ್ಲ. ನಿಮ್ಮ ಫ್ರೆಂಡ್ ಯಾರಾದ್ರೂ ಈ ವಾರ ಅಗ್ರಿಮೆಂಟ್‌ಗೆ ಸಹಿ ಹಾಕೋದಿದ್ರೆ, ಅದಕ್ಕೂ ಮುಂಚೆ ಈ ಸಂಚಿಕೆ ಕಳಿಸಿಬಿಡಿ. ಮುಂದಿನ ವಾರ ಸಿಗೋಣ.